ಗುರುತು ಸಿಗದ ಯುಎಸ್‌ಬಿ: ಪ್ರಿಂಟರ್, ಹಾರ್ಡ್‌ಡಿಸ್ಕ್, ನ್ಯಾನೋ ಬೋರ್ಡ್ ರಿಪೇರಿಯ ದಾಖಲೆ

ಯಂತ್ರ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಅರ್ಧ ತೊಂದರೆ ಅದರ ಹಳೇ ಜಾತಕದಿಂದಲೇ ಹೊರಬಿತ್ತು. ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. 6ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10 ಪ್ರೊ. ಎದುರು ಎರಡು ಕಪ್ಪು ಯುಎಸ್‌ಬಿ ಪೋರ್ಟ್, ಹಿಂದೆ ನಾಲ್ಕು ನೀಲಿ, ಎರಡು ಕಪ್ಪು. ಇಟ್ಟಿರುವುದು ಉಡುಪಿ ಹತ್ತಿರದ ಶಂಕರಪುರದ ನಮ್ಮ ಮನೆಯ ಚಾವಡಿಯಲ್ಲಿ. ಕಿಟಕಿ ಪಡುವಣಕ್ಕೆ ಉಂಟು, ಹಾಗಾಗಿ ಮಳೆಗಾಲದಲ್ಲಿ ಉಪ್ಪುಗಾಳಿ, ತೇವ ಎರಡೂ ನೇರ ಒಳಗೆ.

ಈ ಯಂತ್ರಕ್ಕೆ ಮೂರು ಸಾಮಾನು ಸಿಕ್ಕಿಸಿದರೆ ಮೂರೂ ಇನ್‌ಸ್ಟಾಲ್ ಆಗಲಿಲ್ಲ:

ಪ್ರಿಂಟರ್ — ಸಾದಾ ಲೇಸರ್. ಇಷ್ಟು ದಿನ ನಡೆಯುತ್ತಿತ್ತು. ಈಗ ಸಿಕ್ಕಿಸಿದ ಕೂಡಲೇ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಅಂತ ಮೂಲೆಯಲ್ಲಿ ಸಂದೇಶ. ಸಿಕ್ಕಿಸಿದ ಸಾಮಾನುಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ‘ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43.

ಹಾರ್ಡ್‌ಡಿಸ್ಕ್ — 2.5 ಇಂಚಿನದ್ದು, ಹಳೇ ಫೋಟೋಗಳೆಲ್ಲ ಅದರಲ್ಲಿ. ದೀಪ ಉರಿಯುತ್ತದೆ, ಒಳಗೆ ಟಿಕ್ ಟಿಕ್ ಶಬ್ದ. ಕಂಪ್ಯೂಟರು ‘ಸಿಕ್ಕಿತು, ಹೋಯಿತು, ಸಿಕ್ಕಿತು, ಹೋಯಿತು’ ಅಂತ ಗಂಟೆ ಬಾರಿಸುತ್ತಾ ಇರುತ್ತದೆ.

ನ್ಯಾನೋ — ಅಮ್ಮನ ಮಲ್ಲಿಗೆ ಗಿಡಗಳಿಗೆ ಪಂಪು ತಾನಾಗಿ ನಡೆಯಲಿ ಅಂತ ತಂದ ಆರ್ಡುಯಿನೋ ನ್ಯಾನೋ ಮಾದರಿಯ ಅಗ್ಗದ ಬೋರ್ಡ್, ಅಂದರೆ ಪ್ರೋಗ್ರಾಮ್ ಹಾಕಿ ಕೆಲಸ ಮಾಡಿಸುವ ಪುಟ್ಟ ಕಂಪ್ಯೂಟರ್ ಹಲಗೆ. ಕೆಂಪು ದೀಪ ಉರಿಯುತ್ತದೆ. ಅಷ್ಟೇ. ಕಂಪ್ಯೂಟರಿಗೆ ಅದು ಬಂದದ್ದೇ ಗೊತ್ತಿಲ್ಲ.

ಹಿಂದಿನ ವಾರ ಜೋರು ಗುಡುಗು ಬಂದಿತ್ತು. ಅಮ್ಮನ ತೀರ್ಮಾನ ತಕ್ಷಣ: “ಪ್ಲಗ್ ತೆಗಿ ತೆಗಿ ಅಂತ ಬೊಬ್ಬೆ ಹಾಕಿದೆ, ನೀನು ಕೇಳ್ಲಿಲ್ಲ. ಸಿಡಿಲಿಗೆ ಹೋದದ್ದು ಅದು.” ಪಕ್ಕದ ಮನೆಯ ಕಾಲೇಜು ಹುಡುಗ ಬಂದು ನೋಡಿ, “ಮಾಮ, ಫಾರ್ಮ್ಯಾಟ್ ಮಾಡುವ. ವಿಂಡೋಸ್ 7 ಹಾಕಿದ್ರೆ ಫಾಸ್ಟ್ ಉಂಟು” ಅಂದ. ಅಂಗಡಿಯವರೊಬ್ಬರು ಫೋನಿನಲ್ಲೇ ಮದರ್‌ಬೋರ್ಡ್ ಹೋಗಿದೆ ಅಂದರು, 4,500 ರೂಪಾಯಿ.

ಮೂರೂ ತಪ್ಪು. ಮೂರು ಸಾಮಾನಿಗೂ ಕಾರಣ ಬೇರೆ ಬೇರೆ. ಒಟ್ಟಿಗೆ ಕೈಕೊಟ್ಟದ್ದರಿಂದ ಒಂದೇ ರೋಗದ ಹಾಗೆ ಕಂಡಿತು. ನಿಜಕ್ಕೂ ಈ ಯಂತ್ರದಲ್ಲಿ ಮೊದಲು ನಡೆಯುತ್ತಿದ್ದದ್ದು ಪ್ರಿಂಟರ್ ಒಂದೇ. ಹಾರ್ಡ್‌ಡಿಸ್ಕನ್ನಾಗಲಿ ನ್ಯಾನೋವನ್ನಾಗಲಿ ಇದಕ್ಕೆ ಸಿಕ್ಕಿಸಿದ್ದು ಅದೇ ಮೊದಲು. ಸಿಡಿಲಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ.

ಬಳಸಿದ ಉಪಕರಣ: ಮಲ್ಟಿಮೀಟರ್, ಸ್ಕ್ರೂಡ್ರೈವರ್, ಹಳೇ ಹಲ್ಲುಜ್ಜುವ ಬ್ರಷ್, ಟಾರ್ಚ್, ಐಸೋಪ್ರೊಪೈಲ್ ಆಲ್ಕೊಹಾಲ್, ಮತ್ತೆ ಪೋರ್ಟಿಗೂ ಸಾಮಾನಿಗೂ ನಡುವೆ ಸಿಕ್ಕಿಸಿ ವೋಲ್ಟೇಜು, ಕರೆಂಟು ತೋರಿಸುವ ಬೆರಳುದ್ದದ ಯುಎಸ್‌ಬಿ ಮೀಟರ್.

ಹಂತ 1: ಡ್ರೈವರ್ ಹಿಂದೆ ಓಡಿದ್ದು

ಡ್ರೈವರ್ ಅಂದರೆ ಸಾಮಾನಿನ ಜೊತೆ ಮಾತಾಡಲು ವಿಂಡೋಸಿಗೆ ಬೇಕಾದ ಸಣ್ಣ ತಂತ್ರಾಂಶ. ಅದರ ಹಿಂದೆ ಓಡಿದ್ದು ಪೂರ್ತಿ ದಂಡ. ಆದರೆ ಎಲ್ಲರೂ ಮೊದಲು ಮಾಡುವುದು ಇದನ್ನೇ, ಹಾಗಾಗಿ ಬರೆದಿಡುತ್ತೇನೆ.

ಪ್ರಿಂಟರಿನ ಪೂರ್ತಿ ಪ್ಯಾಕೇಜು ಡೌನ್‌ಲೋಡ್ ಮಾಡಿ ಹಾಕಿದೆ. ಮುಕ್ಕಾಲು ಭಾಗ ಓಡಿ ‘ಈಗ ಯುಎಸ್‌ಬಿ ಕೇಬಲ್ ಸಿಕ್ಕಿಸಿ’ ಅನ್ನುವ ಪರದೆಯಲ್ಲಿ ನಿಂತಿತು. ಕೇಬಲ್ ಸಿಕ್ಕಿಯೇ ಉಂಟು. ಅದು ಕಾಯುತ್ತಾ ಕೂತಿತು, ನಾನೂ ಕೂತೆ. ಪ್ರಿಂಟರನ್ನು ಕಂಪ್ಯೂಟರು ಗುರುತೇ ಹಿಡಿಯದಿದ್ದರೆ ಈ ಇನ್‌ಸ್ಟಾಲರು ಮುಂದೆ ಹೋಗುವುದಿಲ್ಲ.

ಎರಡನೆಯದು, ವಿಡಿಯೋಗಳಲ್ಲಿ ಹೇಳುವ ಪ್ರಸಿದ್ಧ ಮದ್ದು: ಡಿವೈಸ್ ಮ್ಯಾನೇಜರಿನಲ್ಲಿ ‘ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಅಡಿಯಲ್ಲಿ ಇರುವುದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ ರಿಸ್ಟಾರ್ಟ್ ಮಾಡಿ ಅಂತ. ಮಾಡುತ್ತಾ ಹೋದೆ. ಯುಎಸ್‌ಬಿ ಪೋರ್ಟುಗಳನ್ನೆಲ್ಲ ನಡೆಸುವ ಹೋಸ್ಟ್ ಕಂಟ್ರೋಲರಿನ ಸಾಲಿಗೆ ಬಂದು ಓಕೆ ಒತ್ತಿದ ಕೂಡಲೇ ಮೌಸ್ ನಿಂತಿತು, ಕೀಬೋರ್ಡೂ ನಿಂತಿತು. ಅವೂ ಯುಎಸ್‌ಬಿಯವೇ ಅಲ್ವಾ! ರಿಸ್ಟಾರ್ಟ್ ಒತ್ತುವುದು ಎಂತದರಲ್ಲಿ? ಹೀಗಾದರೆ ಪವರ್ ಬಟನ್ನನ್ನು ಹಿಡಿದುಕೊಳ್ಳದೆ ಒಂದು ಸಲ ಮುಟ್ಟಿ ಬಿಟ್ಟರೆ ಸಾಕು. ವಿಂಡೋಸ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಮತ್ತೆ ಹಾಕಿದಾಗ ಎಲ್ಲವನ್ನೂ ಪುನಃ ಗುರುತು ಹಿಡಿಯುತ್ತದೆ. ಕೀಬೋರ್ಡ್ ಬಂತು, ಮೌಸ್ ಬಂತು, ತೊಂದರೆಗಳೂ ಹಾಗೇ ಬಂದವು.

ವಿದ್ಯುತ್ ಉಳಿತಾಯದ ಟಿಕ್ ತೆಗೆದು ನೋಡಿದೆ. ಪವರ್ ಕಾರ್ಡ್ ಎಳೆದು ಬಟನ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ ನೋಡಿದೆ. ಏನೂ ಇಲ್ಲ.

ವಿಂಡೋಸ್ 7ರ ಸಲಹೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. 6ನೇ ತಲೆಮಾರಿನ ಇಂಟೆಲ್ ಬೋರ್ಡುಗಳಲ್ಲಿ ಹಳೇ ಕಾಲದ ಯುಎಸ್‌ಬಿ 2 ಕಂಟ್ರೋಲರ್ ಇಲ್ಲ, ಇರುವುದು ಯುಎಸ್‌ಬಿ 3ರ ಕಾಲದ ಎಕ್ಸ್‌ಎಚ್‌ಸಿಐ ಎಂಬ ಕಂಟ್ರೋಲರ್ ಮಾತ್ರ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 7ರ ಡಿಸ್ಕಿನಲ್ಲಿ ಇಲ್ಲ. ಹಾಕಲಿಕ್ಕೆ ಹೋದರೆ ಮೊದಲ ಪರದೆಯಲ್ಲೇ ಕೀಬೋರ್ಡೂ ಮೌಸೂ ಸತ್ತಿರುತ್ತವೆ. ಹುಡುಗನಿಗೆ ಹೇಳಿದೆ, “ಇದ್ದದ್ದೂ ಹೋಗ್ತದೆ ಮಾರಾಯ.” ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಹೌದು, ವಿಂಡೋಸ್ 11 ಅಧಿಕೃತವಾಗಿ ಕೇಳುವ ಇಂಟೆಲ್ ಪ್ರೊಸೆಸರು 8ನೇ ತಲೆಮಾರಿನಿಂದ ಮೇಲಿನದ್ದು ಎಂಬುದೂ ಹೌದು. ಅದು ಬೇರೆಯೇ ಮಂಡೆಬಿಸಿ, ಇವತ್ತಿನದ್ದಲ್ಲ.

ಹಂತ 2: ನಂಬರ್ ಬಂತೋ ಇಲ್ಲವೋ

ಇಲ್ಲಿಂದ ಕೆಲಸ ದಾರಿಗೆ ಬಂತು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನದ ಸಾಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ‘ಹಾರ್ಡ್‌ವೇರ್ ಐಡೀಸ್’. ಪ್ರತಿ ಯುಎಸ್‌ಬಿ ಸಾಮಾನಿಗೂ ನಾಲ್ಕಂಕಿಯ ಎರಡು ನಂಬರ್ ಉಂಟು. ವಿಐಡಿ ಅಂದರೆ ತಯಾರಕರದ್ದು, ಪಿಐಡಿ ಅಂದರೆ ಆ ಮಾದರಿಯದ್ದು.

ಪ್ರಿಂಟರಿಗೆ ತೋರಿಸಿದ್ದು ವಿಐಡಿ 0000, ಪಿಐಡಿ 0002. ಇದು ಪ್ರಿಂಟರಿನ ನಂಬರೇ ಅಲ್ಲ. ಯಾರೋ ಬಂದಿದ್ದಾರೆ, ಹೆಸರು ಕೇಳಿದರೆ ಉತ್ತರ ಬರಲಿಲ್ಲ ಎಂದು ವಿಂಡೋಸೇ ಹಾಕಿಕೊಂಡ ಗುರುತು. ಹೆಸರೇ ಕೇಳಿಸದ ಮೇಲೆ ಯಾವ ಡ್ರೈವರ್ ಹಾಕಿ ಏನು ಪ್ರಯೋಜನ? ಹಂತ 1ರ ಅಷ್ಟೂ ಹೊತ್ತು ಇಲ್ಲೇ ವ್ಯರ್ಥವಾದದ್ದು.

ಹಾಗಾಗಿ ಸಾಮಾನುಗಳನ್ನು ಹೀಗೆ ಬೇರ್ಪಡಿಸಿದೆ. ಸಿಕ್ಕಿಸಿದಾಗ ಶಬ್ದವೇ ಇಲ್ಲದಿದ್ದರೆ ಕೇಬಲ್ಲೋ ಪೋರ್ಟೋ ನೋಡಬೇಕು. ಶಬ್ದ ಬಂದು ನಂಬರ್ 0000 ಆದರೆ ಡೇಟಾ ತಂತಿ, ಕನೆಕ್ಟರ್, ವೋಲ್ಟೇಜು ನೋಡಬೇಕು. ನಿಜವಾದ ನಂಬರ್ ಬಂದೂ ನಡೆಯದಿದ್ದರೆ ಆಗ ಮಾತ್ರ ಡ್ರೈವರ್, ವಿಂಡೋಸ್ ಸೆಟ್ಟಿಂಗು. ನ್ಯಾನೋ ಮೊದಲನೆಯ ಗುಂಪು, ಪ್ರಿಂಟರ್ ಎರಡನೆಯದು. ಹಾರ್ಡ್‌ಡಿಸ್ಕ್ ಒಮ್ಮೆ ಎರಡರಲ್ಲಿ, ಒಮ್ಮೆ ಮೂರರಲ್ಲಿ ಕುಣಿಯುತ್ತಿತ್ತು.

ಇದೇ ಹೊತ್ತಿಗೆ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ ನೋಡಿದೆ. ಹಿಂದೆ ಎಂದೋ ಸಿಕ್ಕಿಸಿದ್ದ, ಈಗ ಇಲ್ಲದ ಸಾಮಾನುಗಳು ಮಸುಕು ಬಣ್ಣದಲ್ಲಿ ಕಾಣುತ್ತವೆ, ಒಳಹೊಕ್ಕರೆ ಕೋಡ್ 45. ಹಳೇ ಆಫೀಸಿನ ಇಡೀ ಸಂಸಾರ ಅಲ್ಲಿತ್ತು: ಬಾರ್‌ಕೋಡ್ ಸ್ಕ್ಯಾನರ್, ಬೆರಳಚ್ಚಿನ ಯಂತ್ರ, ಎರಡು ಮೂರು ಥರದ ಕೀಬೋರ್ಡು, ಹೆಡ್‌ಸೆಟ್ಟು. ಆದರೆ ಒಂದೇ ಒಂದು ಪೆನ್‌ಡ್ರೈವ್ ಇಲ್ಲ. ವರ್ಷಗಟ್ಟಲೆ ಆಫೀಸಿನಲ್ಲಿದ್ದ ಕಂಪ್ಯೂಟರಿಗೆ ಒಬ್ಬರೂ ಪೆನ್‌ಡ್ರೈವ್ ಸಿಕ್ಕಿಸಿಲ್ಲ ಅಂದರೆ ಏನರ್ಥ ಅಂತ ಆಗ ಹೊಳೆಯಲಿಲ್ಲ. ಮಸುಕು ಸಾಲುಗಳನ್ನು ಅಳಿಸಿ ಮುಂದೆ ಹೋದೆ.

ಹಂತ 3: ಎದುರಿನ ಪೋರ್ಟುಗಳು

ಮೀಟರ್ ಸಿಕ್ಕಿಸಿ ಅಳೆದೆ. ಹಿಂದಿನ ನೀಲಿ ಪೋರ್ಟಿನಲ್ಲಿ ಖಾಲಿಯಾಗಿ 5.08 ವೋಲ್ಟ್. ಎದುರಿನ ಬಲಗಡೆ 5.03, ಎಡಗಡೆ 4.97. ಇಷ್ಟು ನೋಡಿದರೆ ಎಲ್ಲ ಸರಿ. ಖಾಲಿ ಪೋರ್ಟ್ ಅಳೆದು ಸರಿ ಇದೆ ಅನ್ನುವುದರಲ್ಲಿ ಅರ್ಥವಿಲ್ಲ, ಹೊರೆ ಹಾಕಿಯೇ ನೋಡಬೇಕು. ಹಾರ್ಡ್‌ಡಿಸ್ಕ್ ಸಿಕ್ಕಿಸಿದೆ. ಒಳಗಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ 0.86 ಆಂಪಿಯರ್ ಎಳೆಯಿತು, ಎದುರಿನ ಎಡ ಪೋರ್ಟ್ 4.41 ವೋಲ್ಟಿಗೆ ಬಿತ್ತು, ಡಿಸ್ಕ್ ಟಿಕ್ ಅಂದು ಕೈಬಿಟ್ಟಿತು. ಹಿಂದಿನ ನೀಲಿ ಪೋರ್ಟಿನಲ್ಲಿ ಅದೇ ಹೊರೆಗೆ 4.93, ಡಿಸ್ಕ್ ಸರಾಗ ತಿರುಗಿತು.

ಕಪ್ಪು ಪೋರ್ಟ್ ಅಂದರೆ ಯುಎಸ್‌ಬಿ 2, ಲೆಕ್ಕದಲ್ಲಿ 500 ಮಿಲಿಆಂಪಿಯರ್. ನೀಲಿಯದ್ದು ಯುಎಸ್‌ಬಿ 3, 900 ಮಿಲಿಆಂಪಿಯರ್. ವೋಲ್ಟೇಜು 4.75ಕ್ಕಿಂತ ಕೆಳಗೆ ಇಳಿಯಬಾರದು. ಎದುರಿನ ಪೋರ್ಟು ಮದರ್‌ಬೋರ್ಡಿನ ಮೇಲೆ ಇಲ್ಲ, ಸಪೂರ ತಂತಿಯಲ್ಲಿ ಅದರ 9 ಪಿನ್ನಿನ ಹೆಡರಿನಿಂದ, ಅಂದರೆ ಪಿನ್ನುಗಳ ಗುಂಪಿನಿಂದ, ಬರುತ್ತದೆ. ಜೊತೆಗೆ ಕೊಳೆ ಸೇರಿದರೆ ಕೇಳುವುದೇ ಬೇಡ.

ಪವರ್ ಕಾರ್ಡ್ ತೆಗೆದು ಕ್ಯಾಬಿನೆಟ್ ಬಿಚ್ಚಿದೆ. ಎಡ ಪೋರ್ಟಿನೊಳಗೆ ಟಾರ್ಚ್ ಬಿಟ್ಟರೆ ಕಪ್ಪು ನಾಲಿಗೆಯ ಮೇಲೆ ನಾಲ್ಕು ಪಟ್ಟಿ ಇರಬೇಕಾದಲ್ಲಿ ಎರಡು ಮಾತ್ರ ಹೊಳೆಯುತ್ತಿದ್ದವು. ಒಂದರ ಮೇಲೆ ಹಸಿರು ಹೊಪ್ಪಳೆ ಕಟ್ಟಿತ್ತು, ಇನ್ನೊಂದು ಒಳಕ್ಕೆ ಬಗ್ಗಿ ಹೋಗಿತ್ತು. ಹಿಂದಿನ ಸಂದಿಯಲ್ಲಿ ಅಕ್ಕಿನುಚ್ಚಿನ ಹಾಗೆ ಬೆಳ್ಳಗೆ ಏನೋ. ಬ್ರಷ್ಷಿನ ತುದಿ ತಾಗಿದ ಕೂಡಲೇ ಕೆಂಪಿರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಲು ಸಾಲಾಗಿ ಹೊರಟವು. ಮಳೆ ಶುರುವಾದರೆ ಅವಕ್ಕೂ ಬೆಚ್ಚಗಿನ ಜಾಗ ಬೇಕಲ್ಲ.

ಆಲ್ಕೊಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಎರಡೂ ಪೋರ್ಟ್ ಉಜ್ಜಿ, ಹೆಡರಿನ ಪಿನ್ನುಗಳನ್ನೂ ಉಜ್ಜಿ, ಫ್ಯಾನಿನ ಕೆಳಗೆ ಒಣಗಿಸಿದೆ. ಬಗ್ಗಿದ ಪಟ್ಟಿಯನ್ನು ಸೂಜಿಯಲ್ಲಿ ಎತ್ತಲು ಹೋದರೆ ಬುಡದಲ್ಲೇ ಮುರಿದು ಬಂತು. ಎಡ ಪೋರ್ಟಿನ ಕಥೆ ಮುಗಿಯಿತು. ಅದರ ಮೇಲೆ ಇನ್ಸುಲೇಶನ್ ಟೇಪು. ಬಲ ಪೋರ್ಟ್ ಹೊರೆಯಲ್ಲಿ 4.78 ತೋರಿಸುತ್ತದೆ. ಪೆನ್‌ಡ್ರೈವಿಗೆ ಸಾಕು, ಹಾರ್ಡ್‌ಡಿಸ್ಕಿಗೆ ಬೇಡ.

ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಹಾಕಬೇಡಿ. ನಮ್ಮಲ್ಲಿ ಗೇಟಿನ ಬಿಜಾಗರಿಯಿಂದ ಹಿಡಿದು ರಿಮೋಟಿನವರೆಗೆ ಎಲ್ಲದಕ್ಕೂ ಅದನ್ನೇ ಹೊಡೆಯುವ ಅಭ್ಯಾಸ. ಪೋರ್ಟಿನೊಳಗೆ ಎಣ್ಣೆಯ ಪದರ ನಿಂತು ಧೂಳು ಸೇರಿ ಕೆಸರಾಗುತ್ತದೆ.

ಹಂತ 4: ಜುಮ್ ಅಂದ ಕೇಬಲ್

ಪ್ರಿಂಟರಿನ ಕೇಬಲನ್ನು ಹಿಂದಿನಿಂದ ಎಳೆಯುವಾಗ ಮೊಣಕೈ ಕ್ಯಾಬಿನೆಟ್ಟಿಗೆ ತಾಗಿ ಜುಮ್ ಅಂತು. ಕೆಂಪು ಸಿಮೆಂಟಿನ ನೆಲ, ತೇವದ ದಿನ, ಬರಿಗಾಲು. ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಮಲ್ಟಿಮೀಟರನ್ನು ಎಸಿ 600 ವೋಲ್ಟಿನ ರೇಂಜಿಗೆ ಹಾಕಿ, ಒಂದು ಕಡ್ಡಿಯನ್ನು ಕ್ಯಾಬಿನೆಟ್ಟಿನ ಸ್ಕ್ರೂವಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿನ ದೊಡ್ಡ ಒಟ್ಟೆಗೆ, ಅಂದರೆ ಅರ್ಥಿಗೆ (ಅರ್ಥಿಂಗ್ ತಂತಿಗೆ) ಹಿಡಿದೆ. 104 ವೋಲ್ಟ್. ಕಂಪ್ಯೂಟರಿಗೆ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಮೈನ್ಸಿನ ಸುಮಾರು ಅರ್ಧ ವೋಲ್ಟೇಜನ್ನು ಕ್ಯಾಬಿನೆಟ್ಟಿಗೆ ತಳ್ಳುತ್ತವೆ. ಅರ್ಥ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೂಲಕ, ಇಲ್ಲವೇ ಸಿಕ್ಕಿಸಿದ ಯುಎಸ್‌ಬಿ ಕೇಬಲಿನ ಲೋಹದ ಕವಚದ ಮೂಲಕ. ಪ್ರಿಂಟರ್ ಇದ್ದದ್ದು ಬೇರೆ ಸಾಕೆಟ್ಟಿನಲ್ಲಿ, ಅದರ ಅರ್ಥ್ ಸರಿ ಇತ್ತು. ಅಂದರೆ ಕೇಬಲ್ ಸಿಕ್ಕಿಸಿದಾಗಲೆಲ್ಲ ಕಂಪ್ಯೂಟರಿನ ಅರ್ಥು ಪ್ರಿಂಟರಿನ ಕೇಬಲಿನಿಂದಲೇ ಹೋಗುತ್ತಿತ್ತು.

ಗೋಡೆಯ ಸಾಕೆಟ್ ನೋಡಿದೆ: ಫೇಸಿಗೂ ನ್ಯೂಟ್ರಲಿಗೂ 231, ಫೇಸಿಗೂ ಅರ್ಥಿಗೂ 228. ಅದು ಸರಿ. ಉಳಿದದ್ದು ಎಕ್ಸ್‌ಟೆನ್ಷನ್ ಬಾಕ್ಸ್. ಪ್ಲಗ್ ತೆಗೆದು ಬಿಚ್ಚಿದರೆ ಹಸಿರು ತಂತಿ ಸ್ಕ್ರೂವಿನಿಂದ ಹೊರಗೆ ಬಂದು ಸುಮ್ಮನೆ ಮಲಗಿತ್ತು, ತುದಿಯ ತಾಮ್ರ ಕಪ್ಪಾಗಿತ್ತು. ಒಂದಿಂಚು ಕತ್ತರಿಸಿ, ಹೊಸದಾಗಿ ಸುಲಿದು, ತಿರುಚಿ ಸ್ಕ್ರೂ ಬಿಗಿ ಮಾಡಿದೆ. ಪುನಃ ಅಳೆದರೆ 1 ವೋಲ್ಟಿಗಿಂತ ಕಮ್ಮಿ. ಗೋಡೆಯ ಸಾಕೆಟ್ಟಿನಲ್ಲೇ ಅರ್ಥ್ ಇಲ್ಲ ಎಂದಾದರೆ ಇಲೆಕ್ಟ್ರಿಶಿಯನನ್ನೇ ಕರೆಯಿರಿ, ಯುಎಸ್‌ಬಿ ಆಮೇಲೆ.

ಪ್ರಿಂಟರ್ ಇನ್ನೂ ಕೋಡ್ 43ರಲ್ಲೇ.

ಹಂತ 5: ಪ್ರಿಂಟರಿನ ಕೇಬಲ್, ಆಮೇಲೆ ಪ್ರಿಂಟರಿನ ಅವಳಿ

ಪ್ರಿಂಟರ್ ಚಾವಡಿಯ ಆ ಬದಿಗೆ, ಕಂಪ್ಯೂಟರ್ ಈ ಬದಿಗೆ. ನಡುವೆ 5 ಮೀಟರ್ ಕೇಬಲ್, ಅದೂ ಸಾಲದೆ ಒಂದೂವರೆ ಮೀಟರಿನ ಎಕ್ಸ್‌ಟೆನ್ಷನ್. ಯುಎಸ್‌ಬಿ 2ರಲ್ಲಿ ಒಟ್ಟು ಉದ್ದಕ್ಕೆ 5 ಮೀಟರಿನ ಮಿತಿ ಉಂಟು. ಅಷ್ಟು ದಿನ ಅದು ನಡೆದದ್ದೇ ದೊಡ್ಡದು.

ಪರೀಕ್ಷೆಗೆ ಪ್ರಿಂಟರನ್ನೇ ಹೊತ್ತು ತಂದು ಕಂಪ್ಯೂಟರಿನ ಪಕ್ಕ ಸ್ಟೂಲಿನ ಮೇಲೆ ಇಟ್ಟು ಒಂದೂವರೆ ಮೀಟರಿನ ಸಣ್ಣ ಕೇಬಲ್ ಹಾಕಿದೆ. ಕೂಡಲೇ ಗುರುತು ಸಿಕ್ಕಿತು, ಸರಿಯಾದ ವಿಐಡಿ, ಪಿಐಡಿ ಬಂತು. ಪೋರ್ಟೂ ಸರಿ, ಪ್ರಿಂಟರೂ ಸರಿ, ಸಿಡಿಲಂತೂ ಅಲ್ಲ.

ಎಕ್ಸ್‌ಟೆನ್ಷನ್ ತೆಗೆದು 5 ಮೀಟರಿನ ಕೇಬಲ್ ಒಂದನ್ನೇ ಹಾಕಿ ನೋಡಿದೆ. ಒಮ್ಮೆ ಬಂತು, ಒಮ್ಮೆ ಬರಲಿಲ್ಲ, ಬಂದರೂ ದೊಡ್ಡ ಪಿಡಿಎಫ್ ಕಳಿಸಿದಾಗ ನಡುವೆ ನಿಂತಿತು. ಕೇಬಲಿನ ಮೈಮೇಲೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ: ಇದರಲ್ಲಿ ಡೇಟಾ ಜೋಡಿಯೂ 28 ಗೇಜ್, ಪವರ್ ಜೋಡಿಯೂ 28 ಗೇಜ್. ಗೇಜಿನ ನಂಬರ್ ದೊಡ್ಡದಾದಷ್ಟು ತಂತಿ ಸಪೂರ. ಒಳ್ಳೇ ಕೇಬಲಿನಲ್ಲಿ ಪವರ್ ಜೋಡಿ 24 ಇರುತ್ತದೆ. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯಲ್ಲಿ ಪ್ಯಾಕೆಟ್ಟುಗಳನ್ನು ತಿರುಗಿಸಿ ತಿರುಗಿಸಿ ಓದಿ 28, 24 ಎಂದು ಬರೆದಿದ್ದ 3 ಮೀಟರಿನದ್ದು ತಂದೆ, 240 ರೂಪಾಯಿ. ಅಂಗಡಿಯ ಹುಡುಗ, “ಎಲ್ಲ ಒಂದೇ ಸರ್” ಅಂದ. ಒಂದೇ ಅಲ್ಲ. ಪ್ರಿಂಟರಿನ ಮೇಜನ್ನೂ ಈಚೆ ಸರಿಸಬೇಕಾಯಿತು, ಈಗ ಅದು ದಿವಾನಕ್ಕೆ ತಾಗಿ ಕೂತಿದೆ. ಅಮ್ಮನಿಗೆ ಅದೊಂದು ತಕರಾರು ಉಳಿದಿದೆ.

ಪ್ರಿಂಟರ್ ಇನ್‌ಸ್ಟಾಲ್ ಆಯಿತು. ಪ್ರಿಂಟ್ ಕೊಟ್ಟರೆ ಕಾಗದ ಬರಲಿಲ್ಲ.

ಈ ಸಲ ಕಾರಣ ಬೇರೆ. ಮೊದಲು ಸಿಕ್ಕಿಸುತ್ತಿದ್ದ ಪೋರ್ಟ್ ಬಿಟ್ಟು ಬೇರೆ ಪೋರ್ಟಿಗೆ ಹಾಕಿದ್ದರಿಂದ ವಿಂಡೋಸ್ ಇದನ್ನು ಹೊಸ ಪ್ರಿಂಟರ್ ಅಂದುಕೊಂಡು ಅದೇ ಹೆಸರಿಗೆ ‘ಕಾಪಿ 1’ ಸೇರಿಸಿ ಅವಳಿ ಮಾಡಿತ್ತು. ಸೀರಿಯಲ್ ನಂಬರ್ ಹೇಳದ ಸಾಮಾನುಗಳಿಗೆ ಹೀಗಾಗುತ್ತದೆ. ಹಳೇ ಹೆಸರೇ ಡಿಫಾಲ್ಟ್, ಅದು ಆಫ್‌ಲೈನ್. ಕೊಟ್ಟ ಪ್ರಿಂಟೆಲ್ಲ ಅಲ್ಲಿ ಹೋಗಿ ಗುಡ್ಡೆ ಬಿದ್ದಿತ್ತು. ಪ್ರಿಂಟರ್ ಪ್ರಾಪರ್ಟೀಸಿನ ಪೋರ್ಟ್ಸ್ ಪುಟದಲ್ಲಿ ಹಳೆಯದಕ್ಕೆ ಯುಎಸ್‌ಬಿ001, ಹೊಸದಕ್ಕೆ ಯುಎಸ್‌ಬಿ003 ಅಂತ ಇತ್ತು. ಹಳೆಯದರ ಟಿಕ್ಕನ್ನು 003ಕ್ಕೆ ಬದಲಿಸಿ, ‘ಕಾಪಿ 1’ ಅಳಿಸಿದೆ. ಗುಡ್ಡೆ ಬಿದ್ದ ಕೆಲಸಗಳು ಡಿಲೀಟ್ ಆಗದೆ ಹಟ ಹಿಡಿದಾಗ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ (ಪ್ರಿಂಟುಗಳನ್ನು ಸಾಲಿನಲ್ಲಿ ಇಡುವ ಸರ್ವಿಸ್) ನಿಲ್ಲಿಸಿ, ವಿಂಡೋಸಿನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಸ್ಪೂಲರನ್ನು ಮತ್ತೆ ಶುರು ಮಾಡಿದೆ. ಕಾಗದ ಬಂತು. ಪ್ರಿಂಟರ್ ಯಾವ ಪೋರ್ಟಿನದ್ದು ಅಂತ ಕ್ಯಾಬಿನೆಟ್ಟಿನ ಹಿಂದೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇನೆ.

ಹಂತ 6: ಹಾರ್ಡ್‌ಡಿಸ್ಕಿನ ಎರಡು ಬೀಗ

ಹೆಚ್ಚು ಹೊತ್ತು ತಿಂದದ್ದು ಇದು. ಹಿಂದಿನ ನೀಲಿ ಪೋರ್ಟಿನಲ್ಲಿ ವೋಲ್ಟೇಜು ಸರಿ, ಡಿಸ್ಕ್ ತಿರುಗುತ್ತದೆ, ನಿಜವಾದ ನಂಬರೂ ಬಂದಿದೆ. ಆದರೂ ಹಳದಿ ತ್ರಿಕೋನ. ಒಳಹೊಕ್ಕು ಓದಿದರೆ, ಈ ಸಾಮಾನನ್ನು ಇನ್‌ಸ್ಟಾಲ್ ಮಾಡುವುದನ್ನು ಸಿಸ್ಟಮ್ ಪಾಲಿಸಿ (ಕಂಪ್ಯೂಟರ್ ನೋಡಿಕೊಳ್ಳುವವರು ಹಾಕಿಟ್ಟ ನಿಯಮ) ನಿಷೇಧಿಸಿದೆ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಕೇಳಿ ಅಂತ. ಮನೆಯ ಕಂಪ್ಯೂಟರಿಗೆ ಅಡ್ಮಿನಿಸ್ಟ್ರೇಟರ್ ಎಂತ, ನಾನೇ ಅಲ್ವಾ?

ಪಕ್ಕದ ಹುಡುಗನ ಪೆನ್‌ಡ್ರೈವ್ ಹಾಕಿದೆ. ಅದೇ ಸಂದೇಶ. ಆಗ ತಲೆಗೆ ಹೋಯಿತು, ಮಸುಕು ಪಟ್ಟಿಯಲ್ಲಿ ಪೆನ್‌ಡ್ರೈವ್ ಯಾಕೆ ಒಂದೂ ಇರಲಿಲ್ಲ ಎಂದು. ಹಳೇ ಆಫೀಸಿನವರು ಯಾರೂ ಕಡತ ಕದ್ದುಕೊಂಡು ಹೋಗದ ಹಾಗೆ ಸ್ಟೋರೇಜ್ ಸಾಮಾನುಗಳಿಗೆ ಬೀಗ ಹಾಕಿದ್ದರು. ಮಾರಿದವರು ವಿಂಡೋಸನ್ನು ಹೊಸದಾಗಿ ಹಾಕದೆ ಹಳೇ ಯೂಸರನ್ನು ಅಳಿಸಿ ಕೊಟ್ಟಿದ್ದರು.

ಖಚಿತ ಮಾಡಿಕೊಳ್ಳಲು ವಿಂಡೋಸಿನ ಐಎನ್‌ಎಫ್ ಫೋಲ್ಡರಿನಲ್ಲಿರುವ ‘ಸೆಟಪ್‌ಎಪಿಐ.ಡೆವ್.ಲಾಗ್’ ಎಂಬ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಯಾವ ಸಾಮಾನು ಎಷ್ಟು ಹೊತ್ತಿಗೆ ಬಂತು, ಏನಾಯಿತು ಎಂದು ವಿಂಡೋಸ್ ಬರೆದಿಡುವ ದಿನಚರಿ ಇದು. ಕೊನೆಯಿಂದ ಮೇಲಕ್ಕೆ ಓದಬೇಕು. ಸಾಲಿನ ಆರಂಭದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಎಚ್ಚರಿಕೆ, ಮೂರು ಇದ್ದರೆ ದೋಷ. ಮೂರು ಚಿಹ್ನೆಯ ಸಾಲಿನಲ್ಲೇ ಪಾಲಿಸಿಯ ಹೆಸರಿತ್ತು.

ರನ್‌ನಲ್ಲಿ ‘ಜಿಪಿಎಡಿಟ್.ಎಂಎಸ್‌ಸಿ’ ಬರೆದು ಪಾಲಿಸಿ ತಿದ್ದುವ ತಂತ್ರಾಂಶ ತೆರೆದೆ. ಇದು ಪ್ರೊ ಆವೃತ್ತಿಯಲ್ಲಿ ಸಿಗುತ್ತದೆ, ಹೋಮ್‌ನಲ್ಲಿ ಇಲ್ಲ. ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಡಿವೈಸ್ ಇನ್‌ಸ್ಟಾಲೇಶನ್, ಅದರೊಳಗೆ ರಿಸ್ಟ್ರಿಕ್ಷನ್ಸ್. ಡಿವೈಸ್ ಐಡಿ ಹೊಂದಿದರೆ ಇನ್‌ಸ್ಟಾಲ್ ತಡೆಯುವ ಸಾಲು ‘ಎನೇಬಲ್ಡ್’ ಆಗಿತ್ತು. ಪಟ್ಟಿ ತೆರೆದರೆ ಒಳಗೆ ‘ಯುಎಸ್‌ಬಿ ಕ್ಲಾಸ್ 08’. ಯುಎಸ್‌ಬಿಯಲ್ಲಿ 08 ಅಂದರೆ ಸ್ಟೋರೇಜ್ ವರ್ಗ. ಕೀಬೋರ್ಡು, ಪ್ರಿಂಟರು ಬೇರೆ ವರ್ಗದವಾದ್ದರಿಂದ ಅವಕ್ಕೆ ಈ ತಡೆ ತಾಗಲಿಲ್ಲ. ‘ನಾಟ್ ಕಾನ್ಫಿಗರ್ಡ್’ ಮಾಡಿ ರಿಸ್ಟಾರ್ಟ್ ಮಾಡಿದೆ.

ಡಿಸ್ಕ್ ಸಿಕ್ಕಿಸಿದೆ. ಸಂದೇಶ ಹೋಯಿತು, ತ್ರಿಕೋನ ಉಳಿಯಿತು. ಈಗ ಕೋಡ್ 32, ಅಂದರೆ ಡ್ರೈವರಿನ ಸರ್ವಿಸನ್ನೇ ಯಾರೋ ನಿಲ್ಲಿಸಿದ್ದಾರೆ. ಎರಡನೇ ಬೀಗ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ: ಎಚ್‌ಕೆಇವೈ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್, ಯುಎಸ್‌ಬಿಸ್ಟೋರ್. ಅಲ್ಲಿ ‘ಸ್ಟಾರ್ಟ್’ ಎಂಬುದರ ಬೆಲೆ 4 ಇತ್ತು. 4 ಅಂದರೆ ನಿಷ್ಕ್ರಿಯ, ಇರಬೇಕಾದದ್ದು 3. ಮುಟ್ಟುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡೆ, ರಿಜಿಸ್ಟ್ರಿಯಲ್ಲಿ ಕೈ ಜಾರಿದರೆ ವಾಪಸು ಬರಲಿಕ್ಕೆ ಬೇರೆ ಸುಲಭದ ದಾರಿ ಇಲ್ಲ. 3 ಮಾಡಿ, ಡಿಸ್ಕ್ ತೆಗೆದು ಪುನಃ ಸಿಕ್ಕಿಸಿದೆ. ಎಫ್ ಡ್ರೈವ್ ಅಂತ ಬಂತು.

ಇದು ನಮ್ಮದೇ ದುಡ್ಡು ಕೊಟ್ಟು ತಂದ ಯಂತ್ರ, ಹಾಗಾಗಿ ಬಿಚ್ಚಿದೆ. ಆಫೀಸಿನವರು ಮನೆಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಈ ಸಂದೇಶ ಬಂದರೆ ಅದು ದೋಷವೇ ಅಲ್ಲ. ಅಲ್ಲಿ ಕೈ ಹಾಕದೆ ಐಟಿಯವರನ್ನು ಕೇಳಿ.

ಹಂತ 7: ನ್ಯಾನೋ

ದೀಪ ಉಂಟು, ಶಬ್ದ ಇಲ್ಲ. ನನ್ನಲ್ಲಿದ್ದದ್ದು ಹಳೇ ಚಾರ್ಜರಿನ ಜೊತೆ ಬಂದ ಮಿನಿ ಯುಎಸ್‌ಬಿ ಕೇಬಲ್. ಕತ್ತರಿಸಿದೆ. ಒಳಗೆ ಕೆಂಪು, ಕಪ್ಪು ಎರಡೇ ತಂತಿ. ಡೇಟಾದ ಬಿಳಿ, ಹಸಿರು ತಂತಿಗಳೇ ಇಲ್ಲ. ಚಾರ್ಜಿಗೆ ಮಾತ್ರ ಮಾಡಿದ ಕೇಬಲ್ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕತ್ತರಿಸುವ ಮನಸ್ಸಿಲ್ಲದಿದ್ದರೆ ಅದೇ ಕೇಬಲಿನಲ್ಲಿ ಕ್ಯಾಮೆರಾವನ್ನೋ ಮತ್ತೇನನ್ನೋ ಸಿಕ್ಕಿಸಿ ಕಂಪ್ಯೂಟರ್ ಗುರುತಿಸುತ್ತದೋ ನೋಡಬಹುದು. ನಾಲ್ಕು ತಂತಿಯ ಮಿನಿ ಕೇಬಲ್ 90 ರೂಪಾಯಿ.

ಹೊಸ ಕೇಬಲಿನಲ್ಲಿ ಶಬ್ದ ಬಂತು, ತ್ರಿಕೋನ ಬಂತು, ಕೋಡ್ 28: ಡ್ರೈವರ್ ಇಲ್ಲ. ನಂಬರ್ ವಿಐಡಿ 1ಎ86, ಪಿಐಡಿ 7523. ಅಂದರೆ ಬೋರ್ಡಿನ ಮಾತನ್ನು ಯುಎಸ್‌ಬಿಗೆ ದಾಟಿಸುವ ಸಿಎಚ್340 ಚಿಪ್. ಅಗ್ಗದ ನ್ಯಾನೋಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಮೂರು ಸಾಮಾನುಗಳಲ್ಲಿ ಡ್ರೈವರ್ ನಿಜವಾಗಿ ಬೇಕಾದದ್ದು ಇದೊಂದಕ್ಕೆ. ವಿಂಡೋಸ್ 10 ಇದನ್ನು ಸಾಮಾನ್ಯವಾಗಿ ಅಪ್‌ಡೇಟಿನಿಂದ ತಾನೇ ತರುತ್ತದೆ. ಇಲ್ಲಿ ತರಲಿಲ್ಲ, ಯಾಕೆಂದರೆ ಸಿಸ್ಟಮ್ ಪ್ರಾಪರ್ಟೀಸ್, ಹಾರ್ಡ್‌ವೇರ್, ‘ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್’ ಒಳಗೆ ‘ನೋ’ ಆಗಿತ್ತು. ಇದೂ ಹಳೇ ಆಫೀಸಿನ ಬಳುವಳಿ. ‘ಯೆಸ್’ ಮಾಡಿ, ಅಪ್‌ಡೇಟ್ ಡ್ರೈವರ್ ಒತ್ತಿದೆ. ಕಾಮ್3 ಎಂಬ ಸೀರಿಯಲ್ ಪೋರ್ಟಾಗಿ ಕೂತಿತು.

ಪ್ರೋಗ್ರಾಮ್ ಹಾಕಲು ಹೋದಾಗ ‘ನಾಟ್ ಇನ್ ಸಿಂಕ್’ ಅಂತ ಮತ್ತೊಂದು ತಕರಾರು. ಆರ್ಡುಯಿನೋ ತಂತ್ರಾಂಶದ ಟೂಲ್ಸ್ ಮೆನುವಿನಲ್ಲಿ ಪ್ರೊಸೆಸರನ್ನು ‘ಓಲ್ಡ್ ಬೂಟ್‌ಲೋಡರ್’ ಇರುವ ಎಟಿಮೆಗಾ328ಪಿಗೆ ಬದಲಿಸಿದೆ. ಬೂಟ್‌ಲೋಡರ್ ಅಂದರೆ ಹೊಸ ಪ್ರೋಗ್ರಾಮನ್ನು ಒಳಗೆ ತೆಗೆದುಕೊಳ್ಳಲು ಬೋರ್ಡಿನಲ್ಲಿ ಮೊದಲೇ ಇರುವ ಸಣ್ಣ ತಂತ್ರಾಂಶ. ಹಳೆಯದು 57600 ವೇಗದಲ್ಲಿ ಮಾತಾಡುತ್ತದೆ, ಹೊಸದು 115200ರಲ್ಲಿ. ಬದಲಿಸಿದ ಕೂಡಲೇ ಹೋಯಿತು, ದೀಪ ಮಿನುಗಿತು.

ಖರ್ಚು: ಯುಎಸ್‌ಬಿ ಮೀಟರ್ 380, ಆಲ್ಕೊಹಾಲ್ ಬಾಟ್ಲಿ 120, ಪ್ರಿಂಟರ್ ಕೇಬಲ್ 240, ಮಿನಿ ಕೇಬಲ್ 90. ಒಟ್ಟು 830 ರೂಪಾಯಿ. ಸ್ವಂತ ಪವರ್ ಇರುವ ಹಬ್ ಒಂದು ತರುವ ಯೋಚನೆ ಇತ್ತು, ಹಿಂದಿನ ಪೋರ್ಟುಗಳು ಸಾಕಾದ್ದರಿಂದ ಬಿಟ್ಟೆ.

ಉಳಿದ ಕೆಲಸ: ಎದುರಿನ ಪೋರ್ಟಿನ ಚಿಕ್ಕ ಬೋರ್ಡನ್ನೇ ಬದಲಿಸಬೇಕು. ಈ ಮಾದರಿಯ ಕ್ಯಾಬಿನೆಟ್ಟಿಗೆ ಹೊಂದುವುದು ಉಡುಪಿಯಲ್ಲಿ ಸಿಗಲಿಲ್ಲ, ಮಂಗಳೂರಿಗೆ ಹೋದಾಗ ಕೇಳಬೇಕು. ಚಾರ್ಜಿನ ಕೇಬಲುಗಳನ್ನೆಲ್ಲ ಪರೀಕ್ಷಿಸಿ ಎರಡು ತಂತಿಯವಕ್ಕೆ ಕೆಂಪು ಟೇಪು ಸುತ್ತಿದ್ದೇನೆ. ಫೋಟೋಗಳು ಸೆಕೆಂಡಿಗೆ 90 ಎಂಬಿಯ ಹಾಗೆ ಕಾಪಿ ಆಗುತ್ತಾ ಉಂಟು. ನ್ಯಾನೋ ಮಾತ್ರ ಪಂಪಿನ ರಿಲೇ (ಪಂಪನ್ನು ಹಾಕಿ ತೆಗೆಯುವ ಸ್ವಿಚ್ಚು) ಬಿದ್ದಾಗಲೆಲ್ಲ ರಿಸೆಟ್ ಆಗುತ್ತಿದೆ. ರಿಲೇಗೆ ಬೇರೆ ಸಪ್ಲೈ ಕೊಟ್ಟು ನೋಡುವುದು ಭಾನುವಾರದ ಕೆಲಸ. ಅಲ್ಲಿವರೆಗೆ ಗಿಡಗಳಿಗೆ ಕೊಡಪಾನವೇ.